ಮಾತು ಕೇಳದ ಸಿಸ್ಟರು

ಸಿಸ್ಟರ್ ತೀರಿಕೊಂಡು ತಿಂಗಳಾದ ಮೇಲೆ ಜಡಿಗೇನಹಳ್ಳಿ ಕಡೆಯ ಅವರ ಊರಿನ ಚರ್ಚಿನಲ್ಲಿ ಒಂದು ಪೂಜೆ ಇಟ್ಟಿದ್ದರು. ನಾನು ದೊಡ್ಡಬಳ್ಳಾಪುರದಿಂದ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವರನ್ನು ಕಂಡೇ ಇರದ ಎಳೆಯ ಫಾದರ್ ಒಬ್ಬರು ಪ್ರಸಂಗ ಮಾಡುತ್ತ, "ನಮ್ಮನ್ನಗಲಿದ ಸಹೋದರಿ ಸೌಮ್ಯ ಸ್ವಭಾವದವರು, ಹಿರಿಯರ ಮಾತಿಗೆ ಎಂದೂ ಎದುರಾಡದೆ ದೂರದ ಆಫ್ರಿಕಾದಲ್ಲಿ ವಿಧೇಯತೆಯಿಂದ ಸೇವೆ ಸಲ್ಲಿಸಿದವರು" ಅಂದರು. ನನ್ನ ಪಕ್ಕ ಕೂತಿದ್ದ ಸಿಸ್ಟರ ತಮ್ಮ ಕೆಮ್ಮಿದ. ಅದು ಕೆಮ್ಮಲ್ಲ ಅಂತ ನನಗೆ ಗೊತ್ತಾಯಿತು. ನಾನೂ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದೆ. ಹೊರಗೆ ಬಂದು ಚಪ್ಪಲಿ ಹುಡುಕುವಾಗ ಅವನು ಮೆಲ್ಲಗೆ, "ಅವರು ಹೇಳಿದ್ದು ಯಾರ ಬಗ್ಗೆ ಅಣ್ಣಾ? ನಮ್ಮಕ್ಕನ ಬಗ್ಗೇನಾ?" ಅಂದ.

ಅದಕ್ಕೇ ಇದನ್ನು ಬರೆಯಲು ಕೂತೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಹೆಂಗಸಿನಲ್ಲಿ ಒಳ್ಳೆಯದು ಅಂತ ಏನಿತ್ತೋ ಅದರ ಮುಕ್ಕಾಲು ಪಾಲು ಅವರು ಮಾತು ಕೇಳದೆ ಮಾಡಿದ್ದು. ಹೆಸರು ಬರೆಯುವುದಿಲ್ಲ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಒಂದು, ಮಠ ಸೇರಿದಾಗ ಕೊಟ್ಟ ಹೆಸರು ಇನ್ನೊಂದು. ನನಗೆ ಅವರು ಬರೀ ಸಿಸ್ಟರು.

ನಾನು ದೊಡ್ಡಬೆಳವಂಗಲದವನು, ಬೋರ್‌ವೆಲ್ ಕೊರೆಯುವ ಕೆಲಸದವನು. ನಮ್ಮ ಕಡೆ ಸಾವಿರ ಅಡಿ ದಾಟಿದರೂ ಬರೀ ಕಲ್ಲುಪುಡಿ ಹಾರುವ ಕಾಲದಲ್ಲಿ, ಒಂದು ಕಂಪನಿಯವರು ತಾಂಜಾನಿಯಾಕ್ಕೆ ರಿಗ್ಗು ಒಯ್ಯುತ್ತಾರೆ, ಅನುಭವ ಇರುವವರು ಬೇಕು ಅಂದರು. ಹೋದೆ. ಆ ದೇಶದ ನಡುಮಧ್ಯದ ಒಣಸೀಮೆಯಲ್ಲಿ ನಮ್ಮ ಕ್ಯಾಂಪು. ಕೆಂಪು ಮಣ್ಣು, ಜಾಲಿಯಂಥ ಮುಳ್ಳುಗಿಡ, ಕುರಿ ಮೇಕೆ. ಕಣ್ಣು ಕಿರಿದು ಮಾಡಿ ನೋಡಿದರೆ ನಮ್ಮೂರೇ.

ಒಂದು ದಿನ ಅಲ್ಲಿನ ಸಂತೆಯಲ್ಲಿ ನಮ್ಮ ಹುಡುಗರ ಜೊತೆ ಈರುಳ್ಳಿ ಆರಿಸುತ್ತ, ಕೊಳೆತದ್ದನ್ನು ತುಂಬುತ್ತಿದ್ದಾನೆ ಅಂತ ವ್ಯಾಪಾರಿಯನ್ನು ಕನ್ನಡದಲ್ಲಿ ಬೈಯುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು.

"ಅವ್ನಿಗೆ ಅರ್ಥ ಆಗಲ್ಲ ಅಂತ ಏನ್ ಬೇಕಾದ್ರೂ ಬೈಬೋದಾ? ನಂಗೆ ಅರ್ಥ ಆಗ್ತದೆ ಕಣಪ್ಪಾ. ಯಾವೂರು?"

ತಿರುಗಿ ನೋಡಿದರೆ ಬೂದು ಬಣ್ಣದ ನಿಲುವಂಗಿ, ತಲೆಗೆ ಮುಸುಕು, ಕಾಲಿಗೆ ಗಂಡಸರ ಬೂಟು ಹಾಕಿದ್ದ ಕುಳ್ಳಗಿನ ಹೆಂಗಸು. ಪಕ್ಕದಲ್ಲಿ ಅವರ ಮೋಟಾರ್ ಸೈಕಲ್ಲು, ಅದರ ಹಿಂದೆ ಕಟ್ಟಿದ ಔಷಧದ ಡಬ್ಬಿ. ನಾನು ಊರು ಹೇಳಿದೆ.

"ದೊಡ್ಡಬೆಳವಂಗಲಾನಾ? ನಂದು ಜಡಿಗೇನಹಳ್ಳಿ ಹತ್ರ. ಹಂಗಾದ್ರೆ ಪಕ್ಕದ್ಮನೆಯೋರು."

ದೊಡ್ಡಬೆಳವಂಗಲಕ್ಕೂ ಜಡಿಗೇನಹಳ್ಳಿಗೂ ನಡುವೆ ಇಡೀ ಜಿಲ್ಲೆಯೇ ಇದೆ. ಸಮುದ್ರ ದಾಟಿದ ಮೇಲೆ ಅದು ಪಕ್ಕದ ಮನೆಯೇ ಸರಿ. ಆ ಭಾನುವಾರವೇ ಊಟಕ್ಕೆ ಬರಬೇಕೆಂದು ಅಪ್ಪಣೆಯಾಯಿತು.

ಅಲ್ಲಿ ರಾಗಿ ಸಿಗುತ್ತದೆ, ಉಲೆಜಿ ಅನ್ನುತ್ತಾರೆ. ಅವರು ಹೆಚ್ಚಾಗಿ ಗಂಜಿ ಮಾಡಿ ಕುಡಿಯುತ್ತಾರೆ, ಗಟ್ಟಿ ಮುದ್ದೆಗೆ ಮಾತ್ರ ಜೋಳದ ಹಿಟ್ಟು. ಸಿಸ್ಟರ್ ಬಂದ ಮೊದಲ ವರ್ಷವೇ ಅದನ್ನು ಬದಲಿಸಿ ರಾಗಿ ಹಿಟ್ಟಿನಲ್ಲೇ ಮುದ್ದೆ ತೊಳಸಿ ತೋರಿಸಿದರಂತೆ. ಮಠದ ಇತರ ಸಿಸ್ಟರುಗಳು, ಇಬ್ಬರು ಆ ದೇಶದವರು, ಒಬ್ಬರು ಕೇರಳದವರು, ಮುಖ ಮುಖ ನೋಡಿಕೊಂಡರೂ ತಿಂದರಂತೆ. ನಮಗೆ ಮುದ್ದೆ, ಹುರುಳಿಯಂಥದ್ದೊಂದು ಕಾಳಿನ ಸಾರು ಬಡಿಸಿದರು. ಪ್ರಾರ್ಥನೆ ಶುರುವಾಯಿತು. ಕೇರಳದ ಸಿಸ್ಟರ್ ಕಣ್ಣು ಮುಚ್ಚಿ ಲೋಕದವರಿಗೆಲ್ಲ ಬೇಡುತ್ತ ಹೋದರು. ನಮ್ಮ ಸಿಸ್ಟರ್ ಒಂದು ಕಣ್ಣು ಬಿಟ್ಟು ಮುದ್ದೆಯ ಹಬೆ ನೋಡುತ್ತಿದ್ದರು. ಕೊನೆಗೆ, "ಆಮೆನ್. ಮಿಕ್ಕಿದ್ದು ಸಂಜೆ ಕೇಳೋಣ, ಮುದ್ದೆ ಆರೋಗ್ತದೆ" ಅಂದುಬಿಟ್ಟರು.

ಅವರ ದಿನ ಕತ್ತಲಿರುವಾಗಲೇ ಶುರುವಾಗುತ್ತಿತ್ತು. ತಗಡಿನ ಸೂರಿನ ಪ್ರಾರ್ಥನಾ ಮಂದಿರದಲ್ಲಿ ಎಲ್ಲರ ಜೊತೆ ಪ್ರಾರ್ಥನೆ, ಆಮೇಲೆ ಒಬ್ಬರೇ ಕಾಂಪೌಂಡಿನ ಸುತ್ತ ಜಪಸರ ಹಿಡಿದು ನಡಿಗೆ. ಬೆಳಕಾಗುವ ಹೊತ್ತಿಗೆ ಔಷಧಾಲಯದ ಮುಂದೆ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು ಸಾಲಾಗಿ ಕೂತಿರುತ್ತಿದ್ದರು. ಸಿಸ್ಟರ್ ಓದಿದ್ದು ನರ್ಸಿಂಗು, ಕೈ ಪಳಗಿದ್ದು ಹೆರಿಗೆಯಲ್ಲಿ. ಹೊಸಕೋಟೆ ಕಡೆಯ ಎಳೆತ ಸೇರಿಸಿ ಸ್ವಾಹಿಲಿ ಮಾತಾಡುತ್ತಿದ್ದರು. ಬಸುರಿಯನ್ನು ತಡವಾಗಿ ಕರೆತಂದ ಗಂಡಸರಿಗೆ ಅವರು ಬೈಯುವುದನ್ನು ಕೇಳಲೆಂದೇ ಕೆಲವರು ಬೇಲಿಯ ಹತ್ತಿರ ನಿಲ್ಲುತ್ತಿದ್ದರು. ಮಧ್ಯಾಹ್ನದ ಮೇಲೆ ಮೋಟಾರ್ ಸೈಕಲ್ ಹತ್ತಿ ಹಳ್ಳಿಗಳಿಗೆ. ಮೋಟಾರ್ ಸೈಕಲ್ ಕನ್ಯಾಸ್ತ್ರೀಯರಿಗೆ ತರವಲ್ಲ ಅಂತ ಮೇಲಿನವರು ಹೇಳಿದ್ದರಂತೆ. "ಯೇಸುಸ್ವಾಮಿ ಕತ್ತೆ ಮೇಲೆ ಹೋದ್ರು. ನಂಗೂ ಒಂದು ಕತ್ತೆ ಕೊಡ್ಸಿ ಅಂದೆ. ಕೊಡಿಸ್ಲಿಲ್ಲ" ಅಂತ ನನಗೆ ಹೇಳಿದರು.

ಒಮ್ಮೆ ನಾನು ಕೇಳಿಯೇಬಿಟ್ಟೆ. "ಸಿಸ್ಟರ್, ನೀವಿಲ್ಲಿಗೆ ಬಂದಿದ್ದು ಇವರನ್ನ ಕ್ರಿಶ್ಚಿಯನ್ ಮಾಡೋಕಲ್ವಾ?"

ಅವರು ಹತ್ತಿ ಸುತ್ತುತ್ತ ಕೂತಿದ್ದವರು ತಲೆಯೆತ್ತಲಿಲ್ಲ. "ಇಲ್ಲಿ ಅರ್ಧ ಜನ ನಾನು ಹುಟ್ಟೋಕ್ ಮುಂಚಿಂದ್ಲೂ ಕ್ರೈಸ್ತರು. ಇನ್ನರ್ಧ ಸಾಬರು. ಇವ್ರು ಹಾಡೋದ್ ಕೇಳಿದೀಯಾ? ನಾವು ಊರಲ್ಲಿ ಸಾಲಗಾರ್ರು ಕೇಳ್ದಂಗೆ ದೇವ್ರನ್ನ ಕೇಳ್ತೀವಿ, ಇವ್ರು ನೆಂಟರನ್ನ ಕರ್ದಂಗೆ ಕರೀತಾರೆ. ನಾನೇ ಇಲ್ಲಿ ಕಲ್ತೆ ಪ್ರಾರ್ಥನೆ ಮಾಡೋದ."

"ಮತ್ಯಾಕೆ ಬಂದ್ರಿ?"

"ಬರ್ಬೇಡ ಅಂದ್ರಲ್ಲ, ಅದಕ್ಕೆ."

ಅದು ತಮಾಷೆಯ ಮಾತಾದರೂ ಅದರ ಹಿಂದೆ ಕಥೆಯಿತ್ತು. ಹುಡುಗಿಯಾಗಿದ್ದಾಗ ಮನೆಯಲ್ಲಿ ಗಂಡು ಗೊತ್ತು ಮಾಡಿದ್ದರು. ಇವರು ಮಠ ಸೇರುತ್ತೇನೆ ಅಂತ ಹಟ ಹಿಡಿದರು. ಅವರ ತಂದೆ ಹೊಲ, ಹಸು, ಭಾನುವಾರದ ಪೂಜೆ ಇಷ್ಟರಲ್ಲೇ ಬದುಕಿದ್ದ ರೈತ. ಚರ್ಚಿಗೆ ಹೋಗುವ ಮನೆಯಾದರೂ ಮಗಳನ್ನು ಚರ್ಚಿಗೇ ಕೊಡುವ ಮನಸ್ಸಿರಲಿಲ್ಲ. "ಹೋದ್ರೆ ಹೋಗು, ಮತ್ತೆ ಈ ಹೊಸ್ತಿಲು ತುಳೀಬೇಡ" ಅಂದರು. ಮಗಳು ಹೋದಳು. ಮೊದಲ ರಜೆ ಸಿಕ್ಕ ದಿನವೇ ಬಂದು ಹೊಸ್ತಿಲ ಮೇಲೆ ಎರಡೂ ಕಾಲಿಟ್ಟು ನಿಂತು, "ತುಳ್ದಿದೀನಿ. ಈಗೇನ್ ಮಾಡ್ತೀಯಾ?" ಅಂದಳು. ಅಪ್ಪ ಬಹಳ ಹೊತ್ತು ನೋಡಿ, "ಒಳಗ್ ಬಾ, ನೊಣ ಬರ್ತದೆ" ಅಂದರಂತೆ. ಇದನ್ನು ಹೇಳುವಾಗಲೆಲ್ಲ ಸಿಸ್ಟರ್ ನಗುತ್ತಿದ್ದರು. ಒಂದು ಸಲ ಮಾತ್ರ ನಗು ನಡುವೆಯೇ ನಿಂತಿತು. ಅಪ್ಪನ ಮಣ್ಣಿಗೆ ಅವರಿಗೆ ಬರಲಾಗಿರಲಿಲ್ಲ.

ನನ್ನ ದೇವರ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಕೊರೆಯುವ ಜಾಗಕ್ಕೆ ಪಾಯಿಂಟ್ ಹಾಕುವ ಮುಂಚೆ ನಾನು ಊದುಬತ್ತಿ ಹಚ್ಚಿ ನಿಂಬೆಹಣ್ಣು ಕೊಯ್ದು ಕೈಮುಗಿಯುತ್ತಿದ್ದೆ. ಅವರ ಕಾಂಪೌಂಡಿನಲ್ಲಿ ಕೊರೆಯುವ ದಿನ ಕೈಕಟ್ಟಿ ಪಕ್ಕದಲ್ಲೇ ನಿಂತಿದ್ದರು. "ನಿನ್ನ ದೇವ್ರಿಗೆ ಹೇಳು, ಬೇಗ ಕೊಡ್ಲಿ ಅಂತ. ನಮ್ಮವರ್ಗೆ ಬೆಳಿಗ್ಗೆಯಿಂದ ಹೇಳ್ತಾನೇ ಇದೀನಿ." ನೀರು ಬಂದಾಗ ಮುಸುಕು ನೆನೆಯುವ ಹಾಗೆ ಅದರ ಕೆಳಗೆ ಹೋಗಿ ನಿಂತರು. ಮಠದ ಮದರ್ ಒಳಗಿನಿಂದ ಕರೆಯುತ್ತಲೇ ಇದ್ದರು, ಇವರು ತಿರುಗಿ ನೋಡಲಿಲ್ಲ.

ಈಗ ಆ ಹೊಳೆಯ ದಿನದ ವಿಷಯ ಹೇಳಬೇಕು.

ಅಲ್ಲಿಯ ಹೊಳೆಗಳು ವರ್ಷವೆಲ್ಲ ಬರೀ ಮರಳು. ಮಳೆಗಾಲದಲ್ಲಿ ಮಾತ್ರ ಎಲ್ಲೋ ಮೇಲೆ ಮಳೆಯಾಗಿ ಇಲ್ಲಿ ಕೆಂಪು ನೀರು ನುಗ್ಗುತ್ತದೆ. ಅಂಥ ಒಂದು ವಾರ ನಮ್ಮ ಕೆಲಸ ನಿಂತು ಕ್ಯಾಂಪಿನಲ್ಲಿ ಇಸ್ಪೀಟು ಆಡುತ್ತ ಕೂತಿದ್ದೆವು. ಬೆಳಗಿನ ಹೊತ್ತು ಸಿಸ್ಟರ್ ಕೆಸರಲ್ಲಿ ಮುಳುಗಿ ಬಂದರು. ಒಬ್ಬ ಬಸುರಿ ಎರಡು ದಿನದಿಂದ ನರಳುತ್ತಿದ್ದಾಳೆ, ಮಗು ಅಡ್ಡ ಇದೆ, ದೊಡ್ಡಾಸ್ಪತ್ರೆ ಹೊಳೆಯ ಆಚೆ, ಮಠದ ಜೀಪು ದಾಟುವುದಿಲ್ಲ. ನಮ್ಮ ಕಂಪ್ರೆಸರ್ ಲಾರಿ ದಾಟುತ್ತದೆ, ಕೊಡಿ.

ನಮ್ಮ ಮ್ಯಾನೇಜರ್ ಆಗಲ್ಲ ಅಂದ. ಲಾರಿ ಹೊಳೆಪಾಲಾದರೆ ಯಾರು ಜವಾಬ್ದಾರಿ, ಇದು ಕಂಪನಿ ಗಾಡಿ, ಆಂಬುಲೆನ್ಸ್ ಅಲ್ಲ ಅಂತ ಹಿಂದಿಯಲ್ಲಿ ಕೂಗಾಡಿದ. ಸಿಸ್ಟರ್ ಕೊನೆಯ ತನಕ ಕೇಳಿಸಿಕೊಂಡರು. ಆಮೇಲೆ ನೆಟ್ಟಗೆ ಹೋಗಿ ಲಾರಿಯ ಕ್ಯಾಬಿನ್ ಹತ್ತಿ ಕೂತು ಜಪಸರ ತೆಗೆದರು.

"ಇಳೀರಿ ಸಿಸ್ಟರ್" ಅಂದೆ.

"ಇಳಿಯಲ್ಲ."

"ನಮ್ಮನ್ನ ಕೆಲಸದಿಂದ ತೆಗೀತಾನೆ."

"ತೆಗೀಲಿ. ಆ ಹೆಣ್ಮಗಳನ್ನ ಭೂಮಿ ಮೇಲಿಂದ್ಲೇ ತೆಗೀತಾವ್ನೆ, ನಿಂದ್ಯಾವ ದೊಡ್ಡದು?"

ಲಾರಿಯ ಡ್ರೈವರ್ ಜುಮಾ ಅಂತ, ಆ ಊರಿನವನೇ. ಅವನು ನನ್ನ ಮುಖ ನೋಡಿದ. ನಾನು ಕೀ ಅವನ ಕೈಗೆ ಹಾಕಿ ಪಕ್ಕ ಹತ್ತಿದೆ. ಮ್ಯಾನೇಜರ್ ಗೇಟಿನ ತನಕ ಓಡಿ ಬಂದ.

ಬಸುರಿಯನ್ನು ಲಾರಿಯ ಹಿಂದೆ ಗೋಣಿಚೀಲದ ಮೇಲೆ ಮಲಗಿಸಿದರು. ಮೇಲೆ ಟಾರ್ಪಾಲು. ಜೊತೆಗೆ ಅವಳ ಅಕ್ಕ, ಸಿಸ್ಟರು. ಗಂಡ ದನ ಮೇಯಿಸಿಕೊಂಡು ದೂರ ಹೋಗಿದ್ದನಂತೆ, ಸುದ್ದಿ ಹೋಗಿತ್ತು, ಬಂದಿರಲಿಲ್ಲ. ಹೊಳೆಯಲ್ಲಿ ನೀರು ಚಕ್ರ ಮುಳುಗಿಸಿ ಬಾಗಿಲಿಗೆ ಬಡಿಯುತ್ತಿತ್ತು. ಜುಮಾ ಗೇರು ಬದಲಿಸದೆ, ಉಸಿರು ಬಿಡದೆ ದಾಟಿಸಿದ. ಆಚೆ ದಡ ಹತ್ತಿ ಸ್ವಲ್ಪ ದೂರ ಹೋಗಿದ್ದೇವೆ, ಹಿಂದಿನಿಂದ ತಗಡು ಬಡಿದ ಶಬ್ದ. ನಿಲ್ಲಿಸಿದೆವು.

ಸಿಸ್ಟರ್ ದಾರಿಯಲ್ಲೇ ಕೈಯಿಂದ ಮಗುವನ್ನು ತಿರುಗಿಸಿದ್ದರು, ಅದು ಅಲ್ಲೇ ಬಂದಿತ್ತು. ಗಂಡು. ತಾಯಿಗೆ ಪ್ರಜ್ಞೆಯಿತ್ತು. ಮಗು ಮಾತ್ರ ನೀಲಿ. ಸಿಸ್ಟರ್ ಅದರ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುತ್ತಲೇ ಇದ್ದರು. ಎದೆ ಒಮ್ಮೊಮ್ಮೆ ಏಳುವುದು, ನಿಲ್ಲುವುದು. ತಲೆಯ ಮುಸುಕು ಬಿಚ್ಚಿ ಮಗುವಿಗೆ ಸುತ್ತಿದ್ದರು. ಅವರ ತಲೆಗೂದಲು ಅಷ್ಟು ಬೆಳ್ಳಗಾಗಿದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಬಹಳ ಹೊತ್ತಿನ ಮೇಲೆ ಬಾಯಿ ಒರೆಸಿಕೊಂಡು ಸುಮ್ಮನೆ ಮಗುವನ್ನೇ ನೋಡಿದರು. ಉಸಿರು ಇನ್ನೂ ಸಣ್ಣಗೆ ಆಡುತ್ತಿತ್ತು. ಅದು ನಿಲ್ಲುತ್ತದೆ ಅಂತ ಅವರಿಗೆ ತಿಳಿದಿತ್ತು.

"ಜುಮಾ, ಬಾ ಇಲ್ಲಿ" ಅಂದರು ಸ್ವಾಹಿಲಿಯಲ್ಲಿ. ಅಷ್ಟೊತ್ತಿಗೆ ನನಗೂ ಆ ಭಾಷೆ ತಿಳಿಯುತ್ತಿತ್ತು. "ಇವನ ಕಿವಿಯಲ್ಲಿ ಬಾಂಗ್ ಹೇಳು."

ತಾಯಿ ಮುಸಲ್ಮಾನಳು. ಹುಟ್ಟಿದ ಕೂಡಲೇ ಮಗುವಿನ ಕಿವಿಯಲ್ಲಿ ಬಾಂಗ್, ಅಂದರೆ ನಮಾಜಿನ ಕರೆ, ಹೇಳುವುದು ನಮ್ಮೂರಿನ ಸಾಬರಲ್ಲೂ ಇದೆ. ಜುಮಾ ಹಿಂದೆ ಸರಿದ. "ನಾನು ಕುಡಿಯುವವನು ಸಿಸ್ಟರ್. ಮಸೀದಿಗೆ ಹೋಗಿ ಎಷ್ಟು ಕಾಲವಾಯಿತೋ. ನನ್ನ ಬಾಯಿ ಶುದ್ಧವಿಲ್ಲ."

"ಇಲ್ಲಿ ನಿನ್ನ ಬಿಟ್ಟರೆ ಹೇಳಬಲ್ಲ ಗಂಡಸರಿಲ್ಲ. ಬಾಯಿ ಮುಕ್ಕಳಿಸಿ ಬಾ." ತಮ್ಮ ನೀರಿನ ಕ್ಯಾನು ಅವನ ಕಡೆ ದೂಡಿದರು.

ಜುಮಾ ಮುಖ, ಕೈಕಾಲು ತೊಳೆದು ಬಂದು ಲಾರಿಯ ಹಿಂದೆ ಹತ್ತಿ ಮಂಡಿಯೂರಿದ. ಮಗುವಿನ ಬಲಗಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದ. ನಡುವೆ ಒಂದು ಕಡೆ ತಡವರಿಸಿದ. ಗೋಣಿಯ ಮೇಲೆ ಮಲಗಿದ್ದ ತಾಯಿಯೇ ಮುಂದಿನ ಮಾತು ಎತ್ತಿಕೊಟ್ಟಳು. ಸಿಸ್ಟರ್ ಬರಿದಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಮುಗಿದ ಮೇಲೂ ಮಗು ಸ್ವಲ್ಪ ಹೊತ್ತು ಇತ್ತು. ಆಮೇಲೆ ಇರಲಿಲ್ಲ.

ತಾಯಿ ಬದುಕಿದಳು. ಆಸ್ಪತ್ರೆ ತಲುಪಿಸಿ ಬರುವಾಗ ನಾವು ಮೂವರೂ ಕ್ಯಾಬಿನ್ನಿನಲ್ಲಿ ಕೂತಿದ್ದೆವು. ಸಿಸ್ಟರ ಮುಸುಕು ಮಗುವಿನ ಜೊತೆ ಮಣ್ಣಿಗೆ ಹೋಯಿತು.

ಇದು ಹೇಗೋ ಅವರ ಮೇಲಿನವರ ಕಿವಿಗೆ ಬಿತ್ತು. ಪ್ರಾಂತ್ಯದ ಮದರ್ ವಿಚಾರಣೆಗೆ ಬಂದರು. ಅಲ್ಲಿ ನಡೆದ ಮಾತುಗಳನ್ನು ಸಿಸ್ಟರೇ ಮುಂದಿನ ಭಾನುವಾರ ಮುದ್ದೆ ಮುರಿಯುತ್ತ, ಇಬ್ಬರ ದನಿಯನ್ನೂ ಮಾಡಿ ತೋರಿಸಿದರು.

"ಸಾಯೋ ಮಗೂಗೆ ನೆತ್ತಿಗೆ ನೀರು ಹಾಕಿ ಕ್ರೈಸ್ತರ ಜ್ಞಾನಸ್ನಾನ ಕೊಡ್ಬೋದಿತ್ತು. ಧರ್ಮಸಭೆ ಅನುಮತಿ ಕೊಡ್ತದೆ. ಯಾಕ್ ಕೊಡ್ಲಿಲ್ಲ ಅಂದ್ರು. ಅನುಮತಿ ಇದೆ ಮದರ್, ಕೊಡ್ಲೇಬೇಕು ಅಂತ ಎಲ್ಲಿದೆ ಅಂದೆ. ಆ ಮಗುವಿನ ಆತ್ಮದ ಗತಿ ಅಂದ್ರು. ಅದಕ್ಕೆ ಅಮ್ಮ ಇದ್ಲು, ಎಲ್ಲೋ ಅಪ್ಪ ಇದ್ದ. ದೇವ್ರಂತೂ ಅಲ್ಲೇ ಇದ್ದ, ನಾನು ನೋಡ್ದೆ ಅಂದೆ. ನೋಡಿದ್ರಾ ಅಂದ್ರು. ಹೌದು, ಕುಡುಕನ ಬಾಯಲ್ಲಿದ್ದ ಅಂದೆ."

"ಅದಕ್ಕೇನಂದ್ರು?"

"ಕ್ಷಮೆ ಕೇಳು ಅಂದ್ರು. ಪ್ರಾರ್ಥನೆ ಎಷ್ಟು ಬೇಕಾದ್ರೂ ಮಾಡ್ತೀನಿ, ಕ್ಷಮೆ ಕೇಳಲ್ಲ ಅಂದೆ. ವಿಧೇಯತೆಯ ವ್ರತ ತಗೊಂಡಿದೀಯಾ ಅಂತ ಜ್ಞಾಪಿಸಿದ್ರು." ಮುದ್ದೆಯ ತುತ್ತು ಸಾರಿಗೆ ಅದ್ದಿ ಹೇಳಿದರು, "ತಗೊಂಡಿದೀನಿ. ಬೆಳಿಗ್ಗೆ ಎದ್ದ ತಕ್ಷಣ ಆತನ್ನ ಕೇಳ್ತೀನಿ, ಇವತ್ತೇನಪ್ಪಾ ಅಂತ. ಆತ ಹೇಳಿದ್ದು ಮಾಡಿ ಮುಗಿಸೋಷ್ಟರಲ್ಲೇ ಸಂಜೆಯಾಗ್ತದೆ. ಮಿಕ್ಕೋರ ಮಾತು ಕೇಳೋಕೆ ಹೊತ್ತೆಲ್ಲಿದೆ?"

ನನ್ನನ್ನು ಮ್ಯಾನೇಜರ್ ಆ ಮಳೆಗಾಲ ಮುಗಿಯುವುದರೊಳಗೆ ವಿಮಾನ ಹತ್ತಿಸಿದ. ಊರಿಗೆ ಬಂದು ದೊಡ್ಡಬಳ್ಳಾಪುರದಲ್ಲಿ ಮೋಟರು, ಪಂಪು ರಿಪೇರಿಯ ಅಂಗಡಿ ಇಟ್ಟೆ. ಕೆಲವು ವರ್ಷಕ್ಕೆ ಸಿಸ್ಟರೂ ಬಂದರು. ಮಂಡಿ ಸವೆದಿದೆ, ವಿಶ್ರಾಂತಿ ಬೇಕು ಅಂತ ಮೇಲಿನವರು ಹೇಳಿದರು. ಮಂಡಿ ಸವೆದದ್ದೂ ನಿಜ. ದೇವನಹಳ್ಳಿಯ ಹತ್ತಿರ ವಯಸ್ಸಾದ ಸಿಸ್ಟರುಗಳ ಮನೆಯೊಂದಿದೆ, ಅಲ್ಲಿ ಇಟ್ಟರು. ತಲೆಯ ಮೇಲೇ ವಿಮಾನಗಳು. ಪ್ರತಿ ವಿಮಾನಕ್ಕೂ ಅವರು ತಲೆಯೆತ್ತಿ ನೋಡುತ್ತಿದ್ದರು. "ಇಲ್ಲಿ ಎಲ್ರೂ ಸಾಯೋಕೆ ಕಾಯ್ತಾವ್ರೆ ಕಣಪ್ಪಾ. ನಂಗೆ ಪುರುಸೊತ್ತಿಲ್ಲ" ಅಂದರು ಮೊದಲ ಸಲ ನೋಡಲು ಹೋದಾಗ.

ಊರಿನ ಜನ ಬಂದು ಕೇಳುತ್ತಿದ್ದರು, ಆಫ್ರಿಕಾದಲ್ಲಿ ಕಾಡುಜನ ಅಲ್ವಾ ಸಿಸ್ಟರ್, ಹೆಂಗಿದ್ರಿ ಅಂತ. "ಹೌದು, ಬಸ್ಸಿಗೆ ಮುದುಕಿ ಹತ್ತಿದ್ರೆ ಹುಡುಗ್ರು ಎದ್ದು ಜಾಗ ಬಿಡ್ತಾರೆ. ಅಂಥಾ ಕಾಡುಜನ" ಅನ್ನುತ್ತಿದ್ದರು.

ಬಸ್ಸಿನಲ್ಲೇ ಅವರಿಗೆ ನೀಮಾ ಸಿಕ್ಕಿದ್ದು. ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ಹೋಗುವ ಬಸ್ಸು. ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗಿ ಫೋನಿನಲ್ಲಿ ಸ್ವಾಹಿಲಿಯಲ್ಲಿ ಅಳುತ್ತ ಮಾತಾಡುತ್ತಿದ್ದಳು. ಸಿಸ್ಟರ್ ಎದ್ದು ಹೋಗಿ ಪಕ್ಕ ಕೂತು, ಅವಳ ಭಾಷೆಯಲ್ಲೇ, ಯಾರ ಮಗಳಮ್ಮಾ ನೀನು ಅಂದರಂತೆ. ಆ ಹುಡುಗಿ ಫೋನು ಕೈಬಿಟ್ಟು ನೋಡಿದಳು. ಆಮೇಲೆ ಹಿರಿಯರಿಗೆ ಅವರಲ್ಲಿ ಹೇಳುವ ಹಾಗೆ, "ಶಿಕಮೂ" ಅಂದಳು. ತಾಂಜಾನಿಯಾದ ಹುಡುಗಿ, ಆ ರಸ್ತೆಯಲ್ಲೇ ಇರುವ ಒಂದು ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಹತ್ತಿರದ ಹಳ್ಳಿಯಲ್ಲಿ ತನ್ನ ದೇಶದ ಇನ್ನೊಬ್ಬ ಹುಡುಗಿಯ ಜೊತೆ ಬಾಡಿಗೆಗಿದ್ದಳು. ಅಳುತ್ತಿದ್ದದ್ದು ಯಾಕೆಂದರೆ ಬೀದಿಯವರು ಮನೆ ಖಾಲಿ ಮಾಡಿಸಿ ಅಂತ ಮಾಲೀಕನ ಬೆನ್ನು ಹತ್ತಿದ್ದರು.

ಅದಾಗಿ ಕೆಲವು ದಿನಕ್ಕೆ, ಅಂಗಡಿಯಲ್ಲಿ ಮೋಟರು ಬಿಚ್ಚಿಕೊಂಡು ಕೂತಿದ್ದೆ, ಸಿಸ್ಟರ ಫೋನು ಬಂತು. "ಪಿಕಪ್ ತಗೊಂಡು ಬಾ." ಎಲ್ಲಿಗೆ, ಯಾಕೆ ಅಂತ ಹೇಳಲಿಲ್ಲ.

ಹೋದರೆ ಮೂರು ಅಂತಸ್ತಿನ ಹೊಸ ಕಟ್ಟಡ. ಮಾಲೀಕ ನನಗೆ ಗೊತ್ತಿದ್ದವನೇ, ಅವನ ಬೋರಿಗೆ ಪಂಪು ಇಳಿಸಿದ್ದು ನಾನು. ಹುಡುಗಿಯರು ಕಾಲೇಜಿಗೆ ಹೋಗಿದ್ದಾಗ ಅವರ ಬಾಗಿಲಿಗೆ ಬೀಗ ಜಡಿದಿದ್ದ. ಬಟ್ಟೆ, ಪುಸ್ತಕ, ಪಾಸ್‌ಪೋರ್ಟು ಎಲ್ಲ ಒಳಗೆ. ಮಾರನೆಯ ದಿನ ಅವರಿಗೆ ಪರೀಕ್ಷೆ. ನೀಮಾ ಮತ್ತು ಅವಳ ಗೆಳತಿ ಗೋಡೆಗಾನಿಕೊಂಡು ನಿಂತಿದ್ದರು. ಬೀದಿಯ ಜನ ಸುತ್ತ ಸೇರಿದ್ದರು. ಬೀಗದ ಬಾಗಿಲಿನ ಮುಂದೆ, ಮೆಟ್ಟಿಲ ಮೇಲೆ, ಸವೆದ ಮಂಡಿ ಚಾಚಿಕೊಂಡು ಸಿಸ್ಟರ್ ಕೂತಿದ್ದರು.

"ಸಿಸ್ಟರ್, ನಿಮಗ್ಯಾಕಿದು? ಬೀದಿಯೋರು ಒಪ್ತಿಲ್ಲ" ಅನ್ನುತ್ತಿದ್ದ ಮಾಲೀಕ.

"ಒಪ್ಪೋವರ್ಗೂ ಕೂತಿರ್ತೀನಿ."

"ಅವ್ರು ಅದೇನೋ ಮೀನು ಬೇಯಿಸ್ತಾರೆ, ಬೀದಿ ಪೂರ್ತಿ ವಾಸನೆ."

"ನಿಮ್ಮನೇಲಿ ಒಣಮೀನು ಹುರಿಯಲ್ವಾ?"

ಎದುರು ಮನೆಯ ಹೆಂಗಸೊಬ್ಬಳು ಸೆರಗು ಬಾಯಿಗೆ ಹಿಡಿದಳು. ಮಾಲೀಕನ ಮನೆಯ ಒಣಮೀನಿನ ವಿಷಯ ಬೀದಿಗೆಲ್ಲ ಗೊತ್ತಿತ್ತು ಅನಿಸುತ್ತದೆ.

ಒಬ್ಬ ಯುವಕ ಫೋನು ಎತ್ತಿ ವಿಡಿಯೋ ಮಾಡತೊಡಗಿದ. "ಇವಳು ಮತಾಂತರ ಮಾಡೋಕೆ ಬಂದಿರೋಳು ಗುರು. ಹಾಕ್ತೀನಿ ಇರು ಗ್ರೂಪಿಗೆ" ಅಂದ.

"ಹತ್ರ ಬಾ, ಮುಖ ಸರಿಯಾಗಿ ಬರ್ಲಿ" ಅಂದರು ಸಿಸ್ಟರು. "ಇವ್ರನ್ನ ಮತಾಂತರ ಮಾಡೋಕೆ ನಾನು ಬೇಕಾಗಿಲ್ಲ, ಹುಟ್ಟಿದಾಗಿಂದ್ಲೂ ಕ್ರೈಸ್ತರು. ಇಲ್ಲಿ ಬದಲಾಗ್ಬೇಕಾಗಿರೋದು ಆ ಬೀಗ ಒಂದೇ. ಅದನ್ನೂ ಹಾಕು ಗ್ರೂಪಿಗೆ. ಇನ್ನೂ ಕೇಳು. ಇಪ್ಪತ್ತು ವರ್ಷಕ್ಕೂ ಜಾಸ್ತಿ ನಾನು ಇವ್ರ ಊರಲ್ಲಿದ್ದೆ. ಬಣ್ಣ ಬೇರೆ, ಭಾಷೆ ಬೇರೆ, ಕೈ ಹಾಕಿ ಕಲಸ್ಕೊಂಡು ತಿಂತೀನಿ. ಒಂದಿನ ಜ್ವರ ಬಂದು ಮಲಗಿದ್ರೆ ಊರಿನ ಹೆಂಗಸ್ರು ಸರದಿ ಮೇಲೆ ನನ್ನ ಕಾಲು ಒತ್ತಿದ್ರು. ಯಾರೂ ನಂಗೆ ಬೀಗ ಹಾಕ್ಲಿಲ್ಲ. ನಾನು ಅವರ್ಗೆ ಹೇಳ್ತಿದ್ದೆ, ನಮ್ಮೂರೋರೂ ಹಿಂಗೇ, ಬಂದೋರ್ಗೆ ಮೊದ್ಲು ನೀರು ಕೊಡ್ತಾರೆ ಅಂತ. ನನ್ನ ಸುಳ್ಳುಗಾತಿ ಮಾಡ್ಬೇಡ್ರಪ್ಪಾ."

ಹುಡುಗ ಫೋನು ಇಳಿಸಲಿಲ್ಲ, ಆದರೆ ಕೈ ಸ್ವಲ್ಪ ತಗ್ಗಿತು. ಬಿಸಿಲು ಮೆಟ್ಟಿಲಿಗೆ ಬಂತು. ನಾನು ನೆರಳಿಗೆ ಬನ್ನಿ ಅಂದೆ, ಬರಲಿಲ್ಲ. ಕೊನೆಗೆ ಮೇಲಿನ ಅಂತಸ್ತಿನಿಂದ ಮಾಲೀಕನ ತಾಯಿ ಇಳಿದು ಬಂದರು, ಕೈಯಲ್ಲಿ ನೀರಿನ ಚೊಂಬು. ಸಿಸ್ಟರಿಗೆ ಕೊಡಹೋದರು. ಸಿಸ್ಟರ್ ತೆಗೆದುಕೊಳ್ಳದೆ ಗೋಡೆಯ ಕಡೆ ಕೈ ತೋರಿಸಿದರು. ಆ ಅಜ್ಜಿ ಒಂದು ಗಳಿಗೆ ನಿಂತು, ಹೋಗಿ ನೀಮಾಳ ಕೈಗೆ ಚೊಂಬು ಕೊಟ್ಟರು. ಆಮೇಲೆ ಮಗನ ಕಡೆ ತಿರುಗಿ, "ತೆಗ್ಯೋ ಬೀಗ" ಅಂದರು.

ಕಥೆಯಲ್ಲಾದರೆ ಇಲ್ಲಿಗೆ ಎಲ್ಲ ಸರಿಹೋಗಬೇಕು. ಹಾಗಾಗಲಿಲ್ಲ. ಪರೀಕ್ಷೆ ಮುಗಿಯುವ ತನಕ ಇರಲಿ, ಆಮೇಲೆ ಖಾಲಿ ಮಾಡಬೇಕು ಅಂದ ಮಾಲೀಕ. ಸಿಸ್ಟರಿಗೆ ಮಠದಲ್ಲಿ ಬೈಗುಳ ಬಿತ್ತು. ಅಪ್ಪಣೆಯಿಲ್ಲದೆ ಹೋದದ್ದು ತಪ್ಪು, ಆ ವಿಡಿಯೋದಿಂದ ಮಠಕ್ಕೆ ತೊಂದರೆ, ಅಷ್ಟಕ್ಕೂ ಆ ಹುಡುಗಿ ನಮ್ಮ ಸಭೆಯವಳಲ್ಲ, ಲೂಥರನ್ ಅಂದರಂತೆ ಅಲ್ಲಿನ ಮದರ್. "ಅವ್ಳು ಲೂಥರನ್, ಬೀಗ ಯಾವ ಸಭೇದು ಮದರ್ ಅಂತ ಕೇಳ್ದೆ" ಅಂದರು ನನಗೆ. ಮರುದಿನದಿಂದ ಒಂದು ತಿಂಗಳು ಗೇಟು ದಾಟಬಾರದು ಅಂತ ಆಜ್ಞೆಯಾಯಿತು. ಎರಡನೆಯ ವಾರ ನಮ್ಮ ಅಂಗಡಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು.

ನಮ್ಮ ಅಂಗಡಿಯ ಮೇಲೆ ಎರಡು ಕೋಣೆ ಖಾಲಿಯಿದ್ದವು. ಸಿಸ್ಟರ್ ಟೀ ಲೋಟ ಕೆಳಗಿಟ್ಟು ತಲೆಯೆತ್ತಿ ತಾರಸಿ ನೋಡಿದರು, ಅಷ್ಟೆ. ನನಗೆ ಅರ್ಥವಾಯಿತು. ನನ್ನ ಹೆಂಡತಿ, ಅಕ್ಕಪಕ್ಕದವರು ಏನಂತಾರೆ ಅಂದಳು. ಅಕ್ಕಪಕ್ಕದವರು ಅಂದೂ ಅಂದರು. "ಏನಪ್ಪಾ, ಯಾರ್ಯಾರನ್ನೋ ತಂದು ಇಟ್ಕೊಂಡಿದೀಯಾ?" ಅಂತ ಕೇಳಿದವನಿಗೆ, "ಯಾರ್ಯಾರನ್ನೋ ಅಲ್ಲ, ನಮ್ಮ ಪಕ್ಕದ್ಮನೆಯೋರನ್ನ" ಅಂದೆ. ನೀಮಾ ಒಂದು ಸಂಜೆ ನಮ್ಮ ಅಡುಗೆಮನೆಗೆ ಬಂದು, ಕೋಲು ಕಸಿದುಕೊಂಡು, ಗಂಟಿಲ್ಲದ ಹಾಗೆ ಮುದ್ದೆ ತಿರುವಿದ ಮೇಲೆ ನನ್ನ ಹೆಂಡತಿಯೂ ಅಕ್ಕಪಕ್ಕದವರ ಮಾತು ಎತ್ತಲಿಲ್ಲ.

ಸಿಸ್ಟರಿಗೆ ಮಂಡಿಯ ಜೊತೆಗೆ ಹೃದಯದ ತೊಂದರೆಯೂ ಶುರುವಾಯಿತು. ಮಾತಾಡುವಾಗ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದರು. ಪ್ರಯಾಣ ಕೂಡದು ಅಂತ ಡಾಕ್ಟರು ಹೇಳಿದರು. ಅಂಥ ದಿನಗಳಲ್ಲೇ ನೀಮಾಳ ಕಾಲೇಜಿನಲ್ಲಿ ಓದು ಮುಗಿಸಿದವರಿಗೆ ಸಮಾರಂಭ ಗೊತ್ತಾಯಿತು. ಪ್ರತಿ ಹುಡುಗಿಯ ತಂದೆತಾಯಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ನೀಮಾಳ ತಂದೆ ಇಲ್ಲ. ತಾಯಿ ಅಷ್ಟು ದೂರದಿಂದ ಬರುವ ಸ್ಥಿತಿಯಲ್ಲಿರಲಿಲ್ಲ. ನಾನು, ನನ್ನ ಹೆಂಡತಿ ಹೋಗಿ ಕೂರುತ್ತೇವೆ ಅಂದೆವು. "ನೀವೂ ಬನ್ನಿ, ಯಾರ್ ಬೇಡ ಅಂದ್ರು" ಅಂದರು ಸಿಸ್ಟರು.

ಆ ಬೆಳಿಗ್ಗೆ ಪಿಕಪ್ ಒಯ್ದಾಗ ಮಠದ ಬಾಗಿಲಲ್ಲಿ ಮದರ್ ನಿಂತಿದ್ದರು. ಕೆಟ್ಟವರಲ್ಲ, ಹೆದರಿದ್ದರು. "ದಾರೀಲಿ ಏನಾದ್ರೂ ಆದ್ರೆ ಸಿಸ್ಟರ್?" ಅಂದರು.

"ದಾರೀಲೇ ಆಗ್ತದೆ ಮದರ್. ಇಲ್ಲಾದ್ರೆ ಹಾಸಿಗೇಲಿ ಆಗ್ತದೆ. ನಂಗೆ ದಾರಿ ಇಷ್ಟ." ಹಾಗಂದು ಅವರ ಕೆನ್ನೆ ಮುಟ್ಟಿ ಮೆಟ್ಟಿಲಿಳಿದರು. ಮದರ್ ಸೀದಾ ಒಳಗೆ ಹೋಗಿ ಮಾತ್ರೆಯ ಡಬ್ಬಿ, ನೀರಿನ ಬಾ‌ಟಲಿ ತಂದು ನನ್ನ ಕೈಗಿತ್ತರು.

ಸಭಾಂಗಣದಲ್ಲಿ ಸಿಸ್ಟರ್ ಇಸ್ತ್ರಿ ಮಾಡಿದ ಬೂದು ಉಡುಪಿನಲ್ಲಿ ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಹುಡುಗಿಯರು ದೀಪ ಹಿಡಿದು ಪ್ರತಿಜ್ಞೆ ಹೇಳುವಾಗ ಅವರ ತುಟಿಯೂ ಆಡುತ್ತಿತ್ತು. ನೀಮಾಳ ಹೆಸರನ್ನು ಕೂಗಿದವರು ತಪ್ಪುತಪ್ಪಾಗಿ ಕೂಗಿದರು. ಸಿಸ್ಟರ್ ಕೂತಲ್ಲಿಂದಲೇ ಸರಿಯಾಗಿ ಹೇಳಿದರು, ಮೈಕಿಗಿಂತ ಜೋರಾಗಿ. ಎಲ್ಲರೂ ತಿರುಗಿ ನೋಡಿದರು. ಮೈಕಿನವರು ಮತ್ತೆ ಕರೆದರು, ಸರಿಯಾಗಿ.

ಆಮೇಲೆ ವೇದಿಕೆಯ ಮುಂದೆ ಫೋಟೋ. ಒಬ್ಬೊಬ್ಬಳನ್ನೇ ತಂದೆತಾಯಿಯ ಜೊತೆ ನಿಲ್ಲಿಸಿ ತೆಗೆಯುತ್ತಿದ್ದರು. ನೀಮಾಳ ಸರದಿ ಬಂದಾಗ ಸಿಸ್ಟರ್ ನನ್ನ ಭುಜ ಹಿಡಿದು ಎದ್ದರು. ಅಷ್ಟು ದೂರಕ್ಕೇ ಉಸಿರು ಕಟ್ಟಿತು. ಕುರ್ಚಿ ತರಲಾ ಅಂದೆ, ಬೇಡವೆಂದು ತಲೆಯಾಡಿಸಿದರು. ನನ್ನ ಕೈ ಬಿಟ್ಟು ಹೋಗಿ ಹುಡುಗಿಯ ಪಕ್ಕ ನಿಂತು, ಮುಸುಕು ಸರಿಮಾಡಿಕೊಂಡರು. ಕಪ್ಪು ಹುಡುಗಿಯ ಹೆಗಲಿಗೂ ಬಾರದ ಆ ಕುಳ್ಳಗಿನ ಮುದುಕಿಯನ್ನು ಫೋಟೋದವನು ಮೇಲಿಂದ ಕೆಳಗೆ ನೋಡಿದ.

"ಮೇಡಂ, ಸ್ವಲ್ಪ ಸೈಡಿಗೆ ಬನ್ನಿ. ಇದು ಪೇರೆಂಟ್ಸ್ ಫೋಟೋ. ಇವ್ರ ಅಮ್ಮ ಎಲ್ಲಿ?"

ಸಿಸ್ಟರ್ ಜರುಗಲಿಲ್ಲ. "ಕಾಣ್ಸಲ್ವಾ? ಇಲ್ಲೇ ನಿಂತಿದೀನಲ್ಲಪ್ಪಾ" ಅಂದರು. "ತೆಗಿ."